ಬಚ್ಚಲುಮನೆಯಲ್ಲಿ ಬಿಚ್ಚಿದ ಡಿಸ್ಕು

ಕೊಪ್ಪ
12-12-2024

ವೀರೇಶ,

ಇದು ಕ್ಷೇಮ ವಿಚಾರಿಸಲು ಬರೆದ ಕಾಗದವಲ್ಲ. ನೀನು ಕ್ಷೇಮವಾಗಿದ್ದೀಯ ಎಂದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ದಿನಕ್ಕೆ ಇಬ್ಬರಾದರೂ ನನ್ನನ್ನು ನಿಲ್ಲಿಸಿ ಹೇಳುತ್ತಾರೆ. ನಮ್ಮ ಅಂಗಡಿ ಬಿಟ್ಟು ನೀನು ನರಸಿಂಹರಾಜಪುರದಲ್ಲಿ ಬೇರೆ ಅಂಗಡಿ ಇಟ್ಟು ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಾನು ನಿನ್ನೊಡನೆ ಒಂದು ಮಾತಾಡಿಲ್ಲ. ನಿನ್ನ ನಂಬರ್ ಬ್ಲಾಕ್ ಮಾಡಿ ಇಟ್ಟಿದ್ದೇನೆ, ಬಿಡಿಸುವ ಯೋಚನೆಯೂ ಇಲ್ಲ. ಆದ್ದರಿಂದ ಫೋನ್ ಮಾಡುವ ಕಷ್ಟ ತೆಗೆದುಕೊಳ್ಳಬೇಡ.

ಈ ಬ್ಯಾಗಿನಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಒಂಬತ್ತೂಕಾಲರ ಬಸ್ಸಿನ ಕಂಡಕ್ಟರ್ ರಂಗಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ಬಂದು ನಿನ್ನ ಅಂಗಡಿ ಎದುರು ಹಾರ್ನ್ ಹೊಡೆಸುತ್ತಾನೆ. ಬ್ಯಾಗು ಇಸ್ಕೊಳ್ಳುವಾಗ ಅವನು, 'ವೀರೇಶಣ್ಣಂಗಾ? ಹಂಗಾರೆ ಬದುಕ್ತು ಬಿಡಿ' ಎಂದ. ನನ್ನ ಎದುರಿಗೇ ಅಂದ. ಮೈಯೆಲ್ಲ ಉರಿದುಹೋಯಿತು ನನಗೆ.

ಲ್ಯಾಪ್‌ಟಾಪ್ ಮೇಗುಂದದ ಒಬ್ಬ ಮೇಷ್ಟ್ರದ್ದು. ಆನ್ ಮಾಡಿದರೆ ಕಪ್ಪು ಪರದೆ, ಡಿಸ್ಕ್ ಸಿಗುತ್ತಿಲ್ಲ ಎಂದು ಬಿಳಿ ಅಕ್ಷರ. ಒಳಗಿನಿಂದ ಟಕ್ ಟಕ್ ಎಂದು ಸದ್ದು. ಕನೆಕ್ಷನ್ ಬಿಚ್ಚಿ ಒರೆಸಿ ಕೂರಿಸಿದೆ, ಕೇಬಲ್ ಬದಲಿಸಿದೆ, ಡಿಸ್ಕನ್ನು ಹೊರಗೆ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದೆ. ಒಂದು ಸಲ ಹೆಸರು ತೋರಿಸಿತು, ಆಮೇಲೆ ಅದೂ ಇಲ್ಲ. ಹೊಸ ಡಿಸ್ಕ್ ಹಾಕಿದರೆ ಲ್ಯಾಪ್‌ಟಾಪ್ ಓಡುತ್ತದೆ, ಅಷ್ಟು ನನಗೂ ಗೊತ್ತು. ಮೇಷ್ಟ್ರಿಗೆ ಬೇಕಾದದ್ದು ಹಳೆಯ ಡಿಸ್ಕಿನ ಒಳಗಿರುವ ಫೈಲುಗಳು. ತೆಗೆಯಲು ಆದರೆ ತೆಗೆ, ಆಗದಿದ್ದರೆ ಆಗಲಿಲ್ಲ ಎಂದು ಬರೆದು ವಾಪಸ್ ಕಳಿಸು. ನಿನ್ನ ಅಂಗಡಿಯ ಸ್ಟಿಕ್ಕರ್ ಮಾತ್ರ ಅಂಟಿಸಬೇಡ.

ಇತಿ,
ರಘುಪತಿ
(ಬೋರ್ಡಿನಲ್ಲಿ ಈಗ ನನ್ನ ಹೆಸರೊಂದೇ ಇದೆ. ನಿನ್ನದರ ಮೇಲೆ ಬಣ್ಣ ಬಳಿಸಿದ್ದೇನೆ.)


ನರಸಿಂಹರಾಜಪುರ
16-12-2024

ರಘು,

ಬ್ಯಾಗು ತಲುಪಿತು. ಫೋನ್ ಮಾಡಬೇಡ ಎಂದೆಯಲ್ಲ, ಅದಕ್ಕೆ ನಾನೂ ಬರೆಯುತ್ತಿದ್ದೇನೆ. ಬರೆದು ಅಭ್ಯಾಸ ತಪ್ಪಿದೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಇದು ಮೇಗುಂದದ ಮೇಷ್ಟ್ರದ್ದಲ್ಲ. ನಿನ್ನ ಮನೆಯ ಶ್ರೀವಾಣಿ ಅತ್ತಿಗೆಯದು. ಈ ಡಿಸ್ಕನ್ನು 2019ರಲ್ಲಿ ಕೂರಿಸಿದವನು ನಾನೇ. ಮಗ್ಗುಲಲ್ಲಿ ಮಾರ್ಕರಿನಿಂದ ಬರೆದ ತಾರೀಕು ಇನ್ನೂ ಇದೆ, ನನ್ನದೇ ಅಕ್ಷರ. ನನ್ನ ಹತ್ತಿರ ಯಾಕೆ ಸುಳ್ಳು ಹೇಳಿದೆ ಮಾರಾಯ?

ಇನ್ನೊಂದು ವಿಷಯ. ಡಿಸ್ಕಿನ ಲೇಬಲ್ ಕೊಯ್ದು ತಿರುಗಿ ಅಂಟಿಸಿದ್ದಾರೆ. ಲೇಬಲಿನ ಅಡಿಯ ಸ್ಕ್ರೂ ತಲೆ ಸವೆದಿದೆ. ನಾನು ಮುಚ್ಚಳ ತೆಗೆದು ಭೂತಗನ್ನಡಿ ಇಟ್ಟು ನೋಡಿದೆ. ಒಳಗಿನ ತಟ್ಟೆ ಹೊಸ ಕನ್ನಡಿಯ ಹಾಗೆ ಇರಬೇಕು. ಇದರ ಮೇಲೆ ಕರಿ ಚುಕ್ಕೆಗಳಿವೆ. ಧೂಳು ಅಂದುಕೊಂಡೆ. ಧೂಳಲ್ಲ, ಮಸಿ. ಒಲೆ ಮಸಿ ಡಿಸ್ಕಿನ ಒಳಗೆ ಹೋದದ್ದನ್ನು ನಾನು ಇದುವರೆಗೆ ನೋಡಿಲ್ಲ. ಓದುವ ಹೆಡ್ಡು ಆ ಮಸಿಗೆ ಸಿಕ್ಕಿ ತಟ್ಟೆಯನ್ನು ಒಂದು ಸುತ್ತು ಗೀರಿದೆ.

ಬಿಚ್ಚಿದ್ದು ಯಾರು, ಎಲ್ಲಿ? ಬಿಚ್ಚಿದ ಮೇಲೆ ಎಷ್ಟು ಸಲ ಆನ್ ಮಾಡಿದ್ದೀಯ? ಒಳಗೆ ಇರುವುದೇನು, ಯಾವುದು ಮೊದಲು ಬೇಕು? ಇಷ್ಟನ್ನು ನಿಜ ಬರೆದು ತಿಳಿಸು. ಅಲ್ಲಿಯವರೆಗೆ ನಾನು ಇದಕ್ಕೆ ಕರೆಂಟು ಕೊಡುವುದಿಲ್ಲ.

ನಿನ್ನ,
ವೀರೇಶ್


ಕೊಪ್ಪ
18-12-2024

ವೀರೇಶ,

ಭೂತಗನ್ನಡಿ ಹಿಡಿದು ನನ್ನ ಮನೆಯ ಮಸಿ ಹುಡುಕಿದೆಯಲ್ಲ, ಸಂತೋಷವಾಯಿತಾ?

ಹೌದು, ಶ್ರೀವಾಣಿಯದೇ. ಹೌದು, ನಾನೇ ಬಿಚ್ಚಿದ್ದು. ನಮ್ಮನೆ ಬಚ್ಚಲಲ್ಲಿ. ಎಲ್ಲಿಂದ ಕಲಿತೆ ಎಂದು ಕೇಳಬೇಡ, ನಿನ್ನಿಂದಲೇ. ನೀನು ಕೊಪ್ಪದಲ್ಲಿ ಇದ್ದಾಗ ನಿನ್ನ ರೂಮಿನ ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಹಬೆಯ ಜೊತೆ ಗಾಳಿಯ ಧೂಳೆಲ್ಲ ಇಳಿದ ಮೇಲೆ ಡಿಸ್ಕ್ ಬಿಚ್ಚುತ್ತಿದ್ದೆ. ತಟ್ಟೆಗೆ ಅಂಟಿಕೊಂಡ ಹೆಡ್ಡನ್ನು ಮೆಲ್ಲಗೆ ನೂಕಿ ಬದಿಗೆ ಕೂರಿಸುತ್ತಿದ್ದೆ. ಬಾಗಿಲ ಸಂದಿಯಿಂದ ನೋಡಿದ್ದೆ ನಾನು. ಕಲಿಸಿಕೊಡು ಎಂದು ಬಾಯಿಬಿಟ್ಟು ಕೇಳಲಿಲ್ಲ. ಯಾಕೆ ಕೇಳಬೇಕು? ಅಂಗಡಿ ಶುರು ಮಾಡಿದವನು ನಾನು.

ಆದರೆ ನಿನ್ನ ರೂಮಿನಲ್ಲಿ ಇದ್ದದ್ದು ಗೀಸರ್. ನಮ್ಮನೆಯಲ್ಲಿ ಹಂಡೆ. ಡಿಸೆಂಬರ್ ಚಳಿಗೆ ಬಚ್ಚಲೊಲೆ ಆರುವುದೇ ಇಲ್ಲ. ಹಬೆ ಸಾಲದು ಎಂದು ನಾನೇ ಇನ್ನೆರಡು ಕೊಳ್ಳಿ ಒಳಗೆ ನೂಕಿ, ಬಾಗಿಲು ಹಾಕಿಕೊಂಡು ಕೂತೆ. ಈಗ ನಗು.

ಆ ಡಿಸ್ಕಿನಲ್ಲಿ ಇರುವುದು ಸಿರಿಯ ಪಾಠಗಳು. ಹಿರೇಕೊಡಿಗೆಯ ಪ್ರೇಮಕ್ಕನ ಮಗಳು ಸಿರಿ ನಿನಗೆ ಗೊತ್ತು, ಕಣ್ಣು ಕಾಣದ ಹುಡುಗಿ. ಈಗ ದ್ವಿತೀಯ ಪಿಯುಸಿ. ಎರಡು ವರ್ಷದಿಂದ ಶ್ರೀವಾಣಿ ಶಾಲೆಯ ಕೆಲಸ ಮುಗಿಸಿ ಬಂದು ಅವಳಿಗಾಗಿ ಪುಸ್ತಕಗಳನ್ನು, ಲೆಕ್ಚರರ ನೋಟ್ಸುಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದಾಳೆ. ಸಿರಿಯ ಮೊಬೈಲಿನಲ್ಲಿ ಜಾಗ ಇಲ್ಲ. ಒಂದು ಪಾಠ ಕೇಳಿ ಮುಗಿಸಿದ ಮೇಲೆ ಅದನ್ನು ಅಳಿಸಿ ಮುಂದಿನದು ಹಾಕಿ ಕೊಡುತ್ತಿದ್ದಳು. ಪರೀಕ್ಷೆಯ ಹೊತ್ತಿಗೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಕೇಳಿಸುವುದು ಎಂದು ಅವರ ಲೆಕ್ಕ. ಪರೀಕ್ಷೆ ಮಾರ್ಚ್ ಒಂದಕ್ಕೆ. ಬೇರೆ ಕಾಪಿ ಎಲ್ಲೂ ಇಲ್ಲ. ಗಿರಾಕಿಗಳಿಗೆಲ್ಲ ಇನ್ನೊಂದು ಕಾಪಿ ಇಟ್ಟುಕೊಳ್ಳಿ ಎಂದು ಉಪದೇಶ ಮಾಡುವವನು ನಾನು, ಸ್ವಂತ ಹೆಂಡತಿಗೆ ಹೇಳಲಿಲ್ಲ. ಮೊದಲು ಬೇಕಾದದ್ದು ಇತಿಹಾಸ. ಸಿರಿಗೆ ಅದೇ ಕಷ್ಟ.

ನಾನು ಯಾಕೆ ಬಿಚ್ಚಿದೆ ಎಂದೂ ಕೇಳು. ಒಂಬತ್ತು ವರ್ಷ ನಾವು ಒಂದೇ ಮೇಜಿನ ಎರಡು ಬದಿ ಕೂತೆವು. ಗಿರಾಕಿಯ ಹತ್ತಿರ ಮಾತಾಡಿ ರೋಗ ಏನೆಂದು ತಿಳಿದುಕೊಳ್ಳುವವನು ನಾನು. ನೀನು ತಲೆ ಎತ್ತದೆ ಸ್ಕ್ರೂ ತಿರುಗಿಸುತ್ತಿದ್ದೆ. ಮೆಟ್ಟಿಲಿಳಿದು ಹೋಗುವಾಗ ಅವರು ಹೇಳುವುದೇನು? 'ವೀರೇಶನ ಕೈಗುಣ.' ನಾನು ಸರಿ ಮಾಡಿದ ಪ್ರಿಂಟರಿಗೂ ನಿನ್ನ ಕೈಗುಣ. ನೀನು ಜ್ವರ ಬಂದು ಮಲಗಿದ್ದ ವಾರ ನಾನೊಬ್ಬನೇ ಕೂತು ಸರಿ ಮಾಡಿದ ಕಂಪ್ಯೂಟರಿಗೂ, 'ವೀರೇಶಣ್ಣ ಮುಟ್ಟಿದ್ದಲ್ವಾ, ಇನ್ನು ಹಾಳಾಗದಿಲ್ಲ' ಎಂದರು. ನಾನು ಹಲ್ಲು ಕಚ್ಚಿಕೊಂಡು ಹೌದೆಂದೆ.

ಡಿಸ್ಕ್ ಕೆಟ್ಟ ಸಂಜೆ ಶ್ರೀವಾಣಿಯ ಬಾಯಿಂದ ಬಂದ ಮೊದಲ ಮಾತು ಎಂತ ಗೊತ್ತಾ? 'ವೀರೇಶಣ್ಣ ಇದ್ದಿದ್ರೆ.' ಗಂಡ ಎದುರಿಗೆ ನಿಂತಿದ್ದಾನೆ, ಹನ್ನೆರಡು ವರ್ಷದಿಂದ ಇದೇ ಕಸುಬು ಮಾಡುವವನು. ಮಾರನೆಯ ದಿನ ಅವಳು ಶಾಲೆಗೆ ಹೊರಟ ಕೂಡಲೇ ಬಚ್ಚಲಿಗೆ ಹೊಕ್ಕೆ.

ಒಂದು ಮಾತು ಕೇಳುತ್ತೇನೆ, ಬೇಡುತ್ತೇನೆ ಎಂದೇ ಇಟ್ಟುಕೊ. ನಾನು ಬಿಚ್ಚಿದ್ದು ಅವಳಿಗೆ ಗೊತ್ತಾಗಬಾರದು. ಡಿಸ್ಕ್ ನಿನ್ನ ಹತ್ತಿರ ಇರುವುದೂ ಅವಳಿಗೆ ಗೊತ್ತಿಲ್ಲ. ಶಿವಮೊಗ್ಗದ ಒಬ್ಬರಿಗೆ ಕಳಿಸಿದ್ದೇನೆ ಎಂದು ಹೇಳಿದ್ದೇನೆ.

ರಘುಪತಿ


ಕೊಪ್ಪ
27-12-2024

ವೀರೇಶಣ್ಣನಿಗೆ ಶ್ರೀವಾಣಿಯ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಹೀಗೆ ಕದ್ದು ಬರೆಯುವುದು ನನಗೂ ಮುಜುಗರವೇ.

ಲ್ಯಾಪ್‌ಟಾಪ್ ಶಿವಮೊಗ್ಗದಲ್ಲಿದೆ ಎಂದು ಇವರು ಹೇಳಿದ್ದರು. ಮೊನ್ನೆ ಬಸ್ಸಿನಲ್ಲಿ ರಂಗಪ್ಪ ಸಿಕ್ಕಿ, 'ಅಮ್ಮಾ, ನಿಮ್ಮ ಬ್ಯಾಗು ಭದ್ರವಾಗಿ ವೀರೇಶಣ್ಣಂಗೆ ಮುಟ್ಟಿಸಿದೀನಿ' ಅಂದ. ನನಗೆ ಎಷ್ಟು ಸಮಾಧಾನವಾಯಿತು ಎಂದರೆ ಅಲ್ಲೇ ಅಳು ಬಂತು. ಮನೆಗೆ ಬಂದು ನಾನು ಏನನ್ನೂ ಕೇಳಲಿಲ್ಲ. ನಿಮ್ಮ ಹೆಸರು ಬಂದರೆ ಸಾಕು, ಇವರು ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಮೊದಲ ದಿನವೇ ನಿಮ್ಮ ಹತ್ತಿರ ಕಳಿಸಿ ಎಂದು ಹೇಳಬೇಕಿತ್ತು ನಾನು. ಇವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅಷ್ಟು ಹೊಟ್ಟೆಕಿಚ್ಚು ಇಟ್ಟುಕೊಂಡು ತಾವೇ ನಿಮಗೆ ಕಳಿಸಿದ್ದಾರೆಂದರೆ ನನ್ನ ಮೇಲಿನ ಪ್ರೀತಿಯಿಂದಲೇ ಇರಬೇಕು. ಅದನ್ನೂ ಅವರ ಎದುರು ಹೇಳುವ ಹಾಗಿಲ್ಲ.

ಸಿರಿ ದಿನಾ ಫೋನ್ ಮಾಡಿ ಕೇಳುತ್ತಾಳೆ, 'ಟೀಚರ್, ಇತಿಹಾಸ ಬಂತಾ?' ಎಂದು. ಸಿಗುತ್ತದೆ ಅಂತಾದರೆ ಸಿಗುತ್ತದೆ ಅನ್ನಿ, ಇಲ್ಲವೆಂದರೆ ಇಲ್ಲ ಅನ್ನಿ. ಇಲ್ಲವಾದರೆ ನಾನು ಈಗಿನಿಂದಲೇ ಮತ್ತೆ ಓದಲು ಕೂರಬೇಕು. ನಿಮ್ಮ ಕೈಗೆ ಬಂದದ್ದು ಹಾಳಾಗುವುದಿಲ್ಲ ಎಂದು ನನಗೆ ನಂಬಿಕೆ ಇದೆ.

ಈ ಕಾಗದದ ವಿಷಯ ಇವರಿಗೆ ತಿಳಿಸಬೇಡಿ.

ನಿಮ್ಮ,
ಶ್ರೀವಾಣಿ


ನರಸಿಂಹರಾಜಪುರ
8-1-2025

ಅತ್ತಿಗೆಗೆ ನಮಸ್ಕಾರಗಳು.

ಕಾಗದ ತಡವಾಯಿತು, ಕ್ಷಮಿಸಿ. ಕೆಲಸ ಮುಗಿಯದೆ ಬರೆಯಬಾರದು ಎಂದು ಕಾದೆ. ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿದ್ದೇನೆ. ಹಳೆಯದರಿಂದ ಸಿಕ್ಕಿದ್ದನ್ನು ಅದರಲ್ಲೇ ಇಟ್ಟಿದ್ದೇನೆ. ಕನ್ನಡ ಪೂರ್ತಿ ಇದೆ. ಸಮಾಜಶಾಸ್ತ್ರ ಪೂರ್ತಿ ಇದೆ. ರಾಜ್ಯಶಾಸ್ತ್ರದಲ್ಲಿ ಎರಡು ಪಾಠ ಇಲ್ಲ.

ಇತಿಹಾಸ ಸಿಗಲಿಲ್ಲ. ಒಂದು ಪಾಠವೂ ಸಿಗಲಿಲ್ಲ.

ತಪ್ಪು ನನ್ನದು. ಹಳೆಯ ಹೆಡ್ ತೆಗೆದು ಬೇರೆ ಹಾಕುವಾಗ ನನ್ನ ಕೈ ಜಾರಿತು. ಅದು ತಟ್ಟೆಯನ್ನು ಗೀರಿತು. ಇತಿಹಾಸ ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ರಘು ಕಳಿಸುವಾಗ ತಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ನಂಬಿಕೆ ಇಟ್ಟು ಬರೆದಿದ್ದಿರಿ. ಅದನ್ನು ನಾನು ಉಳಿಸಿಕೊಳ್ಳಲಿಲ್ಲ.

ನೀವು ಇವತ್ತಿನಿಂದಲೇ ಓದಲು ಕೂತರೆ ಪರೀಕ್ಷೆಯ ಹೊತ್ತಿಗೆ ಮುಗಿಯುತ್ತದೆ. ಸಿರಿಗೂ ನನ್ನ ತಪ್ಪಾಯಿತೆಂದು ಹೇಳಿ.

ವೀರೇಶ್


ನರಸಿಂಹರಾಜಪುರ
8-1-2025

ರಘು,

ಇದನ್ನು ಚಾರ್ಜರಿನ ಕವರಿನ ಒಳಗೆ ಇಟ್ಟಿದ್ದೇನೆ. ಅತ್ತಿಗೆಯ ಚಾರ್ಜರ್ ಬಿಚ್ಚಿ ಸುತ್ತಿಡುವವನು ನೀನೇ ಎಂದು ನನಗೆ ನೆನಪಿದೆ.

ಅತ್ತಿಗೆಗೆ ಬೇರೆ ಕಾಗದ ಬರೆದಿದ್ದೇನೆ. ಡಿಸ್ಕ್ ನನ್ನ ಹತ್ತಿರ ಇದೆಯೆಂದು ಅವರಿಗೆ ಹೇಗೋ ತಿಳಿದಿತ್ತು, ಹೇಗೆಂದು ಕೇಳಬೇಡ. ಇತಿಹಾಸ ಹೋದದ್ದು ನನ್ನ ಕೈ ಜಾರಿ ಎಂದು ಬರೆದಿದ್ದೇನೆ. ನೀನೂ ಅದನ್ನೇ ಹೇಳು. ನನ್ನ ಮೇಲೆ ಸಿಟ್ಟಾದರೆ ಅವರು ನನ್ನ ಹತ್ತಿರ ಮಾತು ಬಿಡಬಹುದು, ಅಷ್ಟೇ. ನೀನು ಅದೇ ಮನೆಯಲ್ಲಿ ಇರಬೇಕಾದವನು.

ವೀರೇಶ್


ಕೊಪ್ಪ
22-1-2025

ವೀರೇಶ,

ನಿನಗೆ ಯಾರು ಹೇಳಿದರು ಹಾಗೆ ಬರೆಯಲು? ನಾನು ಕೇಳಿದ್ದು ಬಾಯಿ ಮುಚ್ಚಿಕೊಂಡಿರು ಎಂದು. ನನ್ನ ತಪ್ಪನ್ನು ಹೊತ್ತುಕೊ ಎಂದು ಕೇಳಿದೆನಾ? ಒಳ್ಳೆಯತನದಲ್ಲೂ ನೀನೇ ಮುಂದಿರಬೇಕು, ಅಲ್ಲವಾ?

ನಡೆದದ್ದು ಹೇಳುತ್ತೇನೆ. ನಿನ್ನ ಕಾಗದವನ್ನು ಶ್ರೀವಾಣಿ ಎರಡು ಸಲ ಓದಿದಳು. ಆಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು, 'ನೋಡಿ, ನಿಮ್ಮ ಹತ್ರಾನೇ ಬಿಡ್ಬೇಕಿತ್ತು. ನೀವಾಗಿದ್ರೆ ಹೀಗೆ ಅವಸರ ಮಾಡ್ತಿರ್ಲಿಲ್ಲ. ನಿಮ್ಮ ಕೈಯೇ ಒಳ್ಳೇದು' ಎಂದಳು. ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಸಲ, ವೀರೇಶ. ನಾನು ಅವಳಿಗೆ ನಿಜ ಹೇಳಬೇಕಿತ್ತು. ಬಾಯಿ ತೆರೆದೆ, 'ಹೋಗ್ಲಿ ಬಿಡು, ಎಲ್ಲರ ಕೈಯೂ ಒಂದಿನ ತಪ್ಪುತ್ತೆ' ಎಂದುಬಿಟ್ಟೆ. ದೊಡ್ಡ ಮನುಷ್ಯನ ಹಾಗೆ.

ಸುದ್ದಿ ನಿಲ್ಲುತ್ತದಾ? ಪ್ರೇಮಕ್ಕ ಮಗಳ ಸಂಕಟ ತಾಳದೆ ಬಸ್ಸಿನಲ್ಲಿ ಹೇಳಿದಳು, ರಂಗಪ್ಪ ಕೊಪ್ಪದಿಂದ ನಿಮ್ಮೂರಿನ ತನಕ ಹಂಚಿದ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬ ನನ್ನ ಹೆಗಲ ಮೇಲೆ ಕೈಯಿಟ್ಟು, 'ಎಂತ ರಘಣ್ಣ, ವೀರೇಶನ ಕೈಗುಣ ಹೋಯ್ತಂತೆ ಹೌದಾ?' ಎಂದು ಕೇಳಿದ. ಮೂರು ವರ್ಷ ಇದೊಂದು ಮಾತಿಗೆ ಕಾದಿದ್ದೆ ನಾನು. 'ಪಾಪ, ವಯಸ್ಸಾಯ್ತಲ್ಲ' ಎಂದೆ. ನೀನು ನನಗಿಂತ ಒಂದು ವರ್ಷ ಚಿಕ್ಕವನು. ಆ ದಿನದ ಕಾಫಿ ಎಷ್ಟು ರುಚಿಯಾಗಿತ್ತೆಂದರೆ ಇನ್ನೊಂದು ಲೋಟ ತರಿಸಿ ಕುಡಿದೆ. ಹದಿನಾಲ್ಕು ದಿನ ಹೀಗೆ ಕಳೆದೆ. ನಾಚಿಕೆ ಬರಬೇಕಿತ್ತು, ಬರಲಿಲ್ಲ. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಶ್ರೀವಾಣಿ ಶಾಲೆಯಿಂದ ಬಂದವಳೇ ಕೋಣೆಯ ಕಿಟಕಿ ಮುಚ್ಚಿಕೊಂಡು ಇತಿಹಾಸ ಓದುತ್ತಾಳೆ. ಗಂಟಲು ಕಟ್ಟಿದೆ. ಬಿಸಿನೀರು ಕುಡಿದು ಮತ್ತೆ ಶುರು ಮಾಡುತ್ತಾಳೆ. ನಾನು ಓದಿಕೊಡಲಾ ಎಂದು ಕೇಳಿದೆ. ಸಿರಿಗೆ ತನ್ನ ಸ್ವರವೇ ಅಭ್ಯಾಸ ಎಂದಳು.

ಇನ್ನೊಂದನ್ನು ನಿನಗೆ ಹೇಳಿರಲಿಲ್ಲ. ಎಷ್ಟು ಸಲ ಆನ್ ಮಾಡಿದೆ ಎಂದು ಕೇಳಿದ್ದೆಯಲ್ಲ, ಒಂದೇ ಸಲ. ಬಚ್ಚಲಿಂದ ತಂದು ಹಾಕಿದಾಗ ಅದು ಓಡಿತು, ವೀರೇಶ! ಟಕ್ ಟಕ್ ಇಲ್ಲ. ಫೋಲ್ಡರುಗಳು ಒಂದೊಂದಾಗಿ ಬಂದವು, 'ಸಿರಿ ಇತಿಹಾಸ' ಎಂಬುದು ಎಲ್ಲದಕ್ಕಿಂತ ಮೇಲೆ. ಆ ಕ್ಷಣ ಕಾಪಿಗೆ ಕೊಡಬೇಕಿತ್ತು. ಕಸುಬಿಗೆ ಸೇರಿದ ಮೊದಲ ದಿನದವನಿಗೂ ಗೊತ್ತಿರುವ ಸಂಗತಿ. ನಾನು ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆಯಲು ನಿಂತೆ. ಮೊದಲನೆಯದರಲ್ಲಿ ಬೆಳಕು ಬಿದ್ದು ಹೊಳೆಯಿತು. ಪರದೆ ಬಾಗಿಸಿ ಇನ್ನೊಂದು ತೆಗೆದೆ. ಅದನ್ನು ನಿನಗೆ ಕಳಿಸಬೇಕೆಂದು ನಿನ್ನ ನಂಬರ್ ಬ್ಲಾಕಿನಿಂದ ಬಿಡಿಸುತ್ತ ಇದ್ದಾಗ ಕರ್ರ್ ಎಂದು ಸದ್ದು ಬಂತು. ನೋಡು, ನಾನೂ ಮಾಡಿದೆ ಎಂದು ನಿನಗೆ ತೋರಿಸುವ ಆಸೆಗೆ ಎರಡು ನಿಮಿಷ ಹೋಯಿತು. ಆ ಎರಡು ನಿಮಿಷದಲ್ಲಿ ಇತಿಹಾಸ ಅರ್ಧವಾದರೂ ಉಳಿಯುತ್ತಿತ್ತು.

ಇಷ್ಟಾದ ಮೇಲೂ ಅವಳಿಗೆ ಹೇಳಲು ನನ್ನಿಂದ ಆಗುತ್ತಿಲ್ಲ. ನಿಮ್ಮ ಕೈಯೇ ಒಳ್ಳೇದು ಎಂದವಳಿಗೆ ಆ ಮಾತನ್ನು ಹೇಗೆ ವಾಪಸ್ ಕೊಡಲಿ?

ರಘುಪತಿ


ನರಸಿಂಹರಾಜಪುರ
27-1-2025

ರಘು,

ಎರಡು ನಿಮಿಷದ ವಿಷಯ ಓದಿ ಸಿಟ್ಟು ಬಂತು. ಒಂದು ದಿನ ಕಾಗದ ಮಡಚಿಟ್ಟು ಆಮೇಲೆ ಬರೆಯುತ್ತಿದ್ದೇನೆ.

ಕೊಪ್ಪದ ಕಡೆಯ ಇಬ್ಬರು ಬಂದು ಬಿಚ್ಚದೆ ಇಟ್ಟಿದ್ದ ಲ್ಯಾಪ್‌ಟಾಪುಗಳನ್ನು ವಾಪಸ್ ತೆಗೆದುಕೊಂಡು ಹೋದರು. ಒಬ್ಬರು ವಸಂತಮ್ಮ, ನಿನಗೂ ಗೊತ್ತು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ನಿನ್ನ ಮನಸ್ಸು ನೋಯಿಸಲು ಬರೆದದ್ದಲ್ಲ. ನಾನು ಸುಳ್ಳು ಹೇಳಿದಾಗ ಇಷ್ಟು ದೂರ ಹೋಗುತ್ತದೆ ಎಂದುಕೊಂಡಿರಲಿಲ್ಲ. ಹೇಳಿದ ಮೇಲೆ ಹೇಳಿದ್ದೇ, ನಾನು ಮಾತು ಬದಲಿಸುವುದಿಲ್ಲ.

ನೀನು ಅಷ್ಟೊಂದು ಹೊಟ್ಟೆ ಉರಿದುಕೊಂಡೆಯಲ್ಲ, ಹಾಗಾದರೆ ನನ್ನದೂ ಕೇಳು. ಆ ಒಂಬತ್ತು ವರ್ಷ ಜನ ಬಂದು ಕೂರುತ್ತಿದ್ದದ್ದು ನಿನ್ನ ಬದಿಯ ಕುರ್ಚಿಯಲ್ಲಿ. ಮಗಳ ಮದುವೆ, ಮನೆಯ ಜಗಳ ಎಲ್ಲ ನಿನ್ನ ಹತ್ತಿರ ಹೇಳುತ್ತಿದ್ದರು. ನನಗೆ ತಲೆ ಎತ್ತಿ ಮಾತಾಡಲು ಬರುತ್ತಿರಲಿಲ್ಲ, ಅದಕ್ಕೆ ಸ್ಕ್ರೂ ತಿರುಗಿಸುತ್ತಿದ್ದೆ. ಅತ್ತಿಗೆ ಮಧ್ಯಾಹ್ನ ಬುತ್ತಿ ತಂದು ನೀನು ಉಂಡು ಮುಗಿಸುವ ತನಕ ನಿಂತಿರುತ್ತಿದ್ದರು. ನನ್ನದು ಹೋಟೆಲಿನ ಊಟ. ನಾನು ಕೊಪ್ಪ ಬಿಟ್ಟದ್ದು ಹೆಚ್ಚು ದುಡಿಯಲು ಅಲ್ಲ. ನಿನ್ನನ್ನು ದಿನಾ ನೋಡುತ್ತ ಕೂರಲು ಆಗದೆ ಬಿಟ್ಟೆ. ಇಲ್ಲಿ ಈಗ ಲ್ಯಾಪ್‌ಟಾಪ್ ಕೊಟ್ಟವರು ಚೀಟಿ ಇಸ್ಕೊಂಡು ಎದ್ದು ಹೋಗುತ್ತಾರೆ. ಕೂತುಕೊಳ್ಳಿ ಎನ್ನಲೂ ನನಗೆ ಬರುವುದಿಲ್ಲ.

ಅತ್ತಿಗೆಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ವೀರೇಶ್


ನರಸಿಂಹರಾಜಪುರ ಬಸ್‌ಸ್ಟ್ಯಾಂಡು
22-2-2025

ವೀರೇಶ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನಿನ್ನ ಅಂಗಡಿಯ ಎದುರಿಗೇ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ನಾಲ್ಕು ಜನ ಇದ್ದಾರೆ. ಅವರು ಹೋದ ಮೇಲೆ ಬಂದು ಇದನ್ನು ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಹೊರಟರೆ ನಾನು ಮಧ್ಯದಲ್ಲಿ ಎಲ್ಲೋ ನನ್ನನ್ನೇ ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ.

ಅವಳಿಗೆ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ, ಅದನ್ನು ಮೊದಲೇ ತಿಳಿಸುತ್ತೇನೆ. ಒಂದು ಭಾನುವಾರ ಮಧ್ಯಾಹ್ನ ಅವಳು ವಿಜಯನಗರದ ಪಾಠ ಓದುತ್ತಿದ್ದಳು. ನಾನು ಬಿಸಿನೀರು ತೆಗೆದುಕೊಂಡು ಹೋದೆ. ಲೋಟ ಇಸ್ಕೊಂಡು ಅವಳು, 'ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ರೀ. ಹೋದ ಸಲ ಎಷ್ಟೋ ಕಡೆ ತಪ್ಪು ಓದಿದ್ದೆ, ಈಗ ಸರಿಯಾಯ್ತು. ಪಾಪ ವೀರೇಶಣ್ಣ, ಎಷ್ಟು ನೊಂದ್ಕೊಂಡಿದಾರೋ ಏನೋ. ತಪ್ಪನ್ನ ಹಾಗೆ ಒಪ್ಪಿಕೊಳ್ಳೋರು ಎಷ್ಟು ಜನ ಇದಾರೆ ಹೇಳಿ' ಎಂದಳು. ಅವಳ ಮುಖದಲ್ಲಿ ನಿನ್ನ ಮೇಲೆ ಮೊದಲಿಗಿಂತ ಹೆಚ್ಚು ಗೌರವ ಕಂಡಿತು. ಕೈ ಜಾರಿದರೂ ನೀನೇ ದೊಡ್ಡವನಾ? 'ಅದು ಅವನ ತಪ್ಪಲ್ಲ, ನಂದು! ನಾನೇ ಬಚ್ಚಲಲ್ಲಿ ಬಿಚ್ಚಿದ್ದು!' ಎಂದು ಕಿರುಚಿದೆ. ನಿನ್ನ ಹೆಗಲ ಮೇಲಿದ್ದ ನನ್ನ ತಪ್ಪಿನ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು, ಅದಕ್ಕೇ ಕಿತ್ತುಕೊಂಡೆ. ಮಸಿ, ಫೋಟೋ, ಎರಡು ನಿಮಿಷ ಎಲ್ಲವೂ ಹೊರಗೆ ಬಂತು.

ಅವಳು ಬೈಯಲಿಲ್ಲ. ಲೋಟ ಕೆಳಗಿಟ್ಟು ಕೇಳಿದಳು. 'ನಾನು ವೀರೇಶಣ್ಣಂದೇ ತಪ್ಪು ಅಂದಾಗ ನೀವು ಎಂತಕ್ಕೆ ಸುಮ್ಮನಿದ್ರಿ?'

'ನನ್ನ ಕೈ ಒಳ್ಳೇದು ಅಂದಿದ್ದೆಯಲ್ಲ. ಇನ್ನೊಂದು ಸಲ ಅಂತೀಯೇನೋ ಅಂತ ಕಾದೆ' ಎಂದೆ.

ಅವಳು ಕೈ ಚಾಚಿ ಮೈಕ್ ಆಫ್ ಮಾಡಿದಳು. ಅಷ್ಟು ಹೊತ್ತೂ ಅದು ಆನ್ ಇತ್ತು. ವಿಜಯನಗರವನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು ಅವಳಿಗೆ.

ಆಮೇಲಿನ ದಿನಗಳಲ್ಲಿ ಊಟಕ್ಕೆ ಕರೆಯುತ್ತಾಳೆ, ಒಗೆಯಲು ಬಟ್ಟೆ ಕೇಳುತ್ತಾಳೆ, ಹಾಲು ಬಂತಾ ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಮಾತಿಲ್ಲ. ಇತಿಹಾಸ ಮೊನ್ನೆ ಮುಗಿಯಿತು. ಹಿರೇಕೊಡಿಗೆಗೆ ಅವಳೇ ಹೋಗಿ ಸಿರಿಗೆ ಕೊಟ್ಟು ಬಂದಳು. ಹುಡುಗಿ ಈಗ ದಿನಕ್ಕೆ ಎರಡು ಪಾಠದ ಹಾಗೆ ಕೇಳುತ್ತಿದ್ದಾಳಂತೆ, ಪರೀಕ್ಷೆಯೊಳಗೆ ಎಲ್ಲವೂ ಆಗುತ್ತದೆ ಎಂದು ಪ್ರೇಮಕ್ಕ ನನಗೆ ಫೋನ್ ಮಾಡಿ ಹೇಳಿದಳು. ಶ್ರೀವಾಣಿ ನನಗೆ ಹೇಳಲಿಲ್ಲ.

ಬಸ್‌ಸ್ಟ್ಯಾಂಡ್ ಹೋಟೆಲಿಗೂ ಹೋದೆ. ಅವತ್ತು ನನ್ನ ಹೆಗಲ ಮೇಲೆ ಕೈಯಿಟ್ಟವನ ಎದುರು, ರಂಗಪ್ಪನ ಎದುರು ಎಲ್ಲವನ್ನೂ ಹೇಳಿದೆ. ಬಚ್ಚಲೊಲೆಯ ವಿಷಯಕ್ಕೆ ಬಂದಾಗ ಇಡೀ ಹೋಟೆಲು ನಕ್ಕಿತು. ವಸಂತಮ್ಮನ ಮನೆಗೂ ಹೋಗಿ ಹೇಳಿ ಬಂದಿದ್ದೇನೆ. 'ಹಾಗಾರೆ ವೀರೇಶಂದು ಎಂತ ದೊಡ್ಡ ಮನಸ್ಸು ಮಾರಾಯ' ಎಂದರು. ಹೌದು ಎಂದೆ. ಆಗಲೂ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಈಗ ನಾನು ಬಂದ ಕೆಲಸ. ಶ್ರೀವಾಣಿ ಎಲ್ಲ ಪಾಠಗಳನ್ನೂ ಎರಡು ಡಿಸ್ಕಿಗೆ ಹಾಕಿದ್ದಾಳೆ. ತಾನೇ ಕೂತು ಹಾಕಿದಳು, ನನ್ನನ್ನು ಕೇಳಲಿಲ್ಲ. ಒಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾಳೆ. ಇನ್ನೊಂದನ್ನು ಕವರಿಗೆ ಹಾಕಿ, ಅಂಟಿಸಿ, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ತನ್ನ ಸಹಿ ಹಾಕಿ ನನ್ನ ಮುಂದಿಟ್ಟಳು. 'ಇದು ವೀರೇಶಣ್ಣನ ಹತ್ರ ಇರ್ಲಿ. ರಂಗಪ್ಪನ ಕೈಲಿ ಬೇಡ, ನೀವೇ ಕೊಟ್ಟು ಬನ್ನಿ' ಎಂದಳು.

'ನನ್ನ ಅಂಗಡೀಲೂ ಒಂದು ಇಡಲಾ?' ಎಂದು ಕೇಳಿದೆ.

'ಬೇಡ' ಎಂದಳು.

ಬಸ್ಸಿನಲ್ಲಿ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ರಂಗಪ್ಪ ಡ್ರೈವರ್ ಸೀಟಿನ ಹಿಂದೆ ಇಡಿ ಎಂದ, ಕೊಡಲಿಲ್ಲ.

ನಿನ್ನ ಅಂಗಡಿಯಲ್ಲಿ ಈಗ ಒಬ್ಬನೇ ಉಳಿದಿದ್ದಾನೆ. ಅವನು ಚೀಟಿ ಇಸ್ಕೊಂಡು ಎದ್ದ ಕೂಡಲೇ ಬರುತ್ತೇನೆ. ಕವರ್ ತಿರುಗಿಸಿ ಸಹಿ ನೋಡಿಕೊ. ಆಮೇಲೆ ನನ್ನ ಎದುರಿಗೇ ಅವಳಿಗೆ ಫೋನ್ ಮಾಡಿ, ತಲುಪಿತು, ಯಾರೂ ಬಿಚ್ಚಿಲ್ಲ ಎಂದು ನೀನೇ ಹೇಳು. ನಾನು ಹೇಳಿದರೆ ಅವಳು ನಂಬುವುದಿಲ್ಲ.

ರಘುಪತಿ